ಸಲಾಲದ ಮರಕ್ಕೆ ಅಮ್ಮ ಕಟ್ಟಿದ ತೊಟ್ಟಿಲು

ಒದ್ದೆಯಾದ ಒಂಟೆಯ ವಾಸನೆಯನ್ನು ಒಮ್ಮೆ ಮೂಸಿದ ಮೂಗು ಅದನ್ನು ಸಾಯುವವರೆಗೂ ಮರೆಯುವುದಿಲ್ಲ. ಈ ಬೇಸಿಗೆ ರಜೆಯಲ್ಲಿ, ಒಮಾನ್ ದೇಶದ ಸಲಾಲದಲ್ಲಿ, ಸಮುದ್ರದಂಚಿನ ಹಿನ್ನೀರಿನಲ್ಲಿ ಮೊಮ್ಮಗಳು ನನ್ನನ್ನು ಕಯಾಕ್ ದೋಣಿಗೆ ಹತ್ತಿಸಿದಾಗ, ಅಲ್ಲಿಯ ಜಿನುಗು ಮಳೆಗಾಲದ ಮಂಜಿನೊಳಗೆ ಎಲ್ಲೋ ನಿಂತಿದ್ದ ಒಂಟೆಗಳ ಕಡೆಯಿಂದ ಅದೇ ವಾಸನೆ ಬಂತು. "ಅಜ್ಜಿ, ಹುಟ್ಟನ್ನು ನೀರಿಗೆ ಹಾಕಿ, ಗಾಳಿಗಲ್ಲ! ಯಲ್ಲಾ, ಬೇಗ!" ಎಂದು ಅವಳು ಹಿಂದಿನಿಂದ ಕೂಗಿದಳು. ಬೇಕೆಂದೇ ಅವಳ ಮೇಲೆ ನೀರು ಚಿಮ್ಮಿಸಿದೆ. ಮನಸ್ಸು ಮಾತ್ರ ಆಗಲೇ ಇನ್ನೊಂದು ದೋಣಿಯಲ್ಲಿ ಕುಳಿತಾಗಿತ್ತು.

ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಅಪ್ಪನಿಗೆ ಮಸ್ಕತ್ತಿನಲ್ಲಿ ಆಫೀಸು ಕೆಲಸ. ಅಲ್ಲಿನ ದಾರ್ಸೈಟ್ ಬಡಾವಣೆಯಲ್ಲಿ ಎರಡು ಕೋಣೆಯ ಮನೆ. ಕಾದ ಎಣ್ಣೆಯಲ್ಲಿ ಬಂಗುಡೆ ಚುಂಯ್ ಎನ್ನುವ ಸದ್ದು, ಬಚ್ಚಲಲ್ಲಿ ಅಪ್ಪನ ಬೇಸೂರಿನ ಹಾಡು, ಇವೆಲ್ಲ ಒಮ್ಮೆಗೇ ನಿಂತುಹೋದ ವರ್ಷ ಅದು. ನನಗೊಬ್ಬ ತಮ್ಮ ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡಿದ್ದ. ಅಪ್ಪ ಒಬ್ಬರೇ ಹೋಗಿ ಮಣ್ಣು ಮಾಡಿ ಬಂದರು. ಎಲ್ಲಿ ಎಂದು ಅಮ್ಮ ಎಷ್ಟು ಕೇಳಿದರೂ, "ಖಲಾಸ್, ಆ ಮಾತು ಬೇಡ" ಎನ್ನುತ್ತಿದ್ದರು. ಹೋಗಿ ಕುಳಿತು ಅಳಲಿಕ್ಕೆ ಅಮ್ಮನಿಗೊಂದು ಜಾಗವೇ ಇರಲಿಲ್ಲ. ಅವಳ ಮನಸ್ಸು ಸ್ವಲ್ಪ ಹಗುರಾಗಲಿ ಎಂದು ಅಪ್ಪ ನಮ್ಮನ್ನು ಸಲಾಲಕ್ಕೆ ಕರೆದುಕೊಂಡು ಬಂದರು.

ಮೀನುಗಾರನೊಬ್ಬನ ದೋಣಿ ಕೇಳಿ ಪಡೆದು ಅಪ್ಪ ಹುಟ್ಟು ಹಾಕುತ್ತಿದ್ದರು. ಮಂಜಿನಲ್ಲಿ ದಡ ಕಾಣಿಸುತ್ತಿರಲಿಲ್ಲ, ಅಲ್ಲಿಂದ ಒದ್ದೆ ಒಂಟೆಗಳ ವಾಸನೆ ಬರುತ್ತಿತ್ತು. ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುವುದಷ್ಟೇ ಕೇಳುತ್ತಿತ್ತು. ಅಮ್ಮ ಹಲಗೆಯ ಒಂದು ಕೊನೆಗೆ ಸರಿದು ಕುಳಿತಿದ್ದಳು. ಪಕ್ಕದಲ್ಲಿ ಜಾಗ ಕಂಡು ನಾನು ನುಸುಳಲು ಹೋದರೆ ಕೈ ಅಡ್ಡ ಹಿಡಿದಳು. "ಅಲ್ಲಿ ಬೇಡ ಮಗಾ." ಅಮ್ಮ ಕುಳಿತ ಕಡೆಗಲ್ಲ, ಆ ಖಾಲಿ ಜಾಗದ ಕಡೆಗೇ ದೋಣಿ ವಾಲಿತ್ತು. ಅಪ್ಪನೂ ಅದನ್ನು ನೋಡಿದರು.

ಮಧ್ಯಾಹ್ನ ಕಣಿವೆಯ ಬಾವೊಬಾಬ್ ಮರಗಳನ್ನು ನೋಡಲು ಹೋದೆವು. ಹತ್ತು ಮಂದಿ ಕೈಕೈ ಹಿಡಿದರೂ ತಬ್ಬಲಾಗದ ಬೂದು ಕಾಂಡಗಳು, ಆನೆಯ ಚರ್ಮದಂಥ ಸುಕ್ಕು. ಎಲ್ಲಕ್ಕಿಂತ ದೊಡ್ಡ ಮರದ ಕೆಳಗೆ ಅಮ್ಮ ಚೀಲದಿಂದ ಹಳೆ ಸೀರೆಯ ತುಂಡು ತೆಗೆದು, ತಗ್ಗಿನ ಕೊಂಬೆಗೆ ಪುಟ್ಟ ತೊಟ್ಟಿಲು ಕಟ್ಟತೊಡಗಿದಳು. ಮಕ್ಕಳಾಗಲೆಂದು ಮರಕ್ಕೆ ಹೀಗೆ ಕಟ್ಟುವುದು ನಮ್ಮಲ್ಲಿ ಉಂಟಷ್ಟೆ. ಅಪ್ಪನೂ ಹಾಗೆಯೇ ತಿಳಿದರು.

"ಇಲ್ಲಿಯ ಮರಕ್ಕೆ ನಮ್ಮ ಹರಕೆ ಎಲ್ಲಿ ಗೊತ್ತುಂಟು ಮಾರಾಯ್ತಿ? ಊರಿಗೆ ಹೋದಾಗ ಕಟ್ಟುವ. ದೇವರು ಇನ್ನೊಂದು ಕೊಡ್ತಾನೆ."

"ಇನ್ನೊಂದು ಯಾರು ಕೇಳಿದ್ದು?" ಅಮ್ಮ ತಿರುಗಲೇ ಇಲ್ಲ. "ಇದನ್ನೇ ಮಲಗಿಸ್ತಾ ಇದ್ದೇನೆ."

ಗಾಳಿ ಇರಲಿಲ್ಲ, ಒಂದು ಎಲೆಯೂ ಅಲುಗುತ್ತಿರಲಿಲ್ಲ. ತೊಟ್ಟಿಲು ಮಾತ್ರ ತೂಗುತ್ತಿತ್ತು, ನಿಧಾನಕ್ಕೆ, ಬಟ್ಟೆಯ ತಳ ಭಾರಕ್ಕೆ ಜಗ್ಗಿದ ಹಾಗೆ. ನಾನು ತುದಿಗಾಲಲ್ಲಿ ನಿಂತು ಇಣುಕಲು ಹೋದೆ. ಅಪ್ಪ ತೋಳು ಹಿಡಿದು ಎಳೆದರು. ವಾಪಸು ಬರುವಾಗ ಅಮ್ಮ ಕಾರಿನಲ್ಲಿ ಬಾಯಿ ತೆರೆದು ಗೊರಕೆ ಹೊಡೆದು ಮಲಗಿದಳು. ಎಷ್ಟೋ ತಿಂಗಳ ನಿದ್ದೆ.

ಅಪ್ಪ, ಅಮ್ಮ ಇಬ್ಬರೂ ತೀರಿಹೋದರು. ದಾರ್ಸೈಟ್‌ನ ಆ ಮನೆ ಇದ್ದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ನಿಮ್ಮ ಮನೆಯಲ್ಲೂ ಒಬ್ಬರಿಗೆ ಮಾತ್ರ ನೆನಪಿರುವ ಹೆಸರುಗಳು, ಹೆಸರೂ ಇಲ್ಲದವರು ಇರಬಹುದು. ತಮ್ಮ ಎಲ್ಲಿದ್ದಾನೆಂದು ಬಲ್ಲವಳು ನಾನೊಬ್ಬಳೇ ಉಳಿದೆ. ಈ ಸಲ ಆ ಮರದ ಕೆಳಗೆ ಮೊಮ್ಮಗಳು ಫೋಟೋ ತೆಗೆಯುತ್ತ, "ನೀವು ಓನ್ಲಿ ಚೈಲ್ಡ್ ಅಲ್ವಾ ಅಜ್ಜಿ? ಬೋರ್ ಆಗ್ತಿರ್ಲಿಲ್ವಾ?" ಎಂದು ಜೋರಾಗಿ ಕೇಳಿದಳು.

"ಒಬ್ಬ ತಮ್ಮ ಇದ್ದಾನೆ," ಎಂದೆ.

"ಇದ್ದಾನಾ? ಎಲ್ಲಿ?"

"ಮೆಲ್ಲ ಮಾತಾಡು ಮಗಾ. ಎಚ್ಚರ ಆಗ್ತದೆ ಅವನಿಗೆ."