ತೊಟ್ಟಿ ಅಕ್ಕ ಮತ್ತು ಕ್ಷೌರದಂಗಡಿಯ ಸಿಗಡಿಗಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕ್ಷೌರದಂಗಡಿಯ ಶಟರ್ ಅರ್ಧಕ್ಕೆ ಎದ್ದಿದೆ. ಒಳಗೆ ಕನ್ನಡಿಯ ಕೆಳಗೆ, ಬಾಚಣಿಗೆ ಮತ್ತು ಪೌಡರ್ ಡಬ್ಬಿಗಳ ಪಕ್ಕದಲ್ಲಿ, ಎರಡು ಬಕೆಟ್ ನೀರು ಹಿಡಿಯುವ ಹೊಸ ಗಾಜಿನ ತೊಟ್ಟಿ. ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನಿಂತ ಮಹಿಳೆಯೊಬ್ಬರು ನೀರಿಗೆ ಬೆರಳದ್ದಿ ಮೂಸುತ್ತಾರೆ. ತಳದಲ್ಲಿ ಉಗುರಿನಷ್ಟೇ ಉದ್ದದ ಕೆಂಪು ಸಿಗಡಿಯೊಂದು ಮಗ್ಗುಲಾಗಿ ಬಿದ್ದಿದೆ.

"ಮತ್ತೊಂದು ಹೋಯ್ತಲ್ಲ ಅಕ್ಕಾ," ಎನ್ನುತ್ತಾರೆ ಅಂಗಡಿಯ ಯಜಮಾನರು. ಅವರ ಮುಖ ಸಪ್ಪೆಯಾಗಿದೆ.

ಬೀದಿಯವರೆಲ್ಲ ಈಕೆಯನ್ನು ಕರೆಯುವುದು 'ತೊಟ್ಟಿ ಅಕ್ಕ' ಎಂದು. ಅಲಂಕಾರಿಕ ಮೀನು ಮಾರುವ ಅಂಗಡಿಯಲ್ಲಿ ಇವರು ವರ್ಷಗಟ್ಟಲೆ ಮಾಡಿದ್ದು ಒಂದೇ ಕೆಲಸ, ಗಾಜಿನ ಪಾಚಿ ಉಜ್ಜುವುದು. ಉಜ್ಜುತ್ತಲೇ ನೀರಿನ ಸ್ವಭಾವ ಕಲಿತರು. ಗಿರಾಕಿ ಫೋನ್ ಮಾಡಿದರೆ ಮೀನಂಗಡಿಯ ಮಾಲೀಕರು "ತೊಳೆಯೋಳನ್ನ ಕಳಿಸ್ತೀನಿ" ಎನ್ನುತ್ತಿದ್ದರು. ಆ ಮಾತು ಅಕ್ಕನಿಗೆ ಚುಚ್ಚುತ್ತಿತ್ತು. ಮರಳು ಹಾಸುವುದರಿಂದ ಹಿಡಿದು ಸಿಗಡಿ ಬಿಡುವವರೆಗೆ ಇವರೇ ನಿಂತು ಸಿದ್ಧಪಡಿಸಿದ ಮೊದಲ ತೊಟ್ಟಿ ಇದು. ಇದು ಕೈಕೊಟ್ಟರೆ ಮತ್ತೆ ಪಾಚಿ ಉಜ್ಜುವುದೇ ಗತಿ. ಮಾಲೀಕರು ಅದನ್ನು ಬಾಯಿಬಿಟ್ಟೇ ಹೇಳಿದ್ದಾರೆ.

ಹೊಸ ತೊಟ್ಟಿಯಲ್ಲಿ ಸಿಗಡಿ ಸತ್ತರೆ ಸಾಮಾನ್ಯವಾಗಿ ನೀರು ಇನ್ನೂ ಪಳಗಿಲ್ಲವೆಂದೇ ಅರ್ಥ. ಅದು ಅಕ್ಕನಿಗೆ ಗೊತ್ತಿಲ್ಲದ್ದಲ್ಲ. "ಹೊಸ ನೀರು ಹೊಸ ಸೊಸೆ ಇದ್ದ ಹಾಗೆ, ಹೊಂದಿಕೊಳ್ಳೋಕೆ ಟೈಮ್ ಬೇಕು," ಎಂದು ನಗುತ್ತಾರೆ. ಮೀನಂಗಡಿಯ ಹಳೆಯ ತೊಟ್ಟಿಯ ಕೊಳಕು ಸ್ಪಂಜನ್ನು ತಂದು ಇದರಲ್ಲಿ ಹಿಂಡಿದ್ದರು. ಕಣ್ಣಿಗೆ ಕಾಣದ ಒಳ್ಳೆಯ ಜೀವಿಗಳು ಆ ಕೊಳಕಿನಲ್ಲೇ ಇರುತ್ತವೆ, ಸಿಗಡಿಗಳ ಮಲದಿಂದ ನೀರಲ್ಲಿ ಹುಟ್ಟುವ ವಿಷವನ್ನು ತಿಂದು ಹಾಕುತ್ತವೆ. ವಾರಗಟ್ಟಲೆ ಕಾದ ಮೇಲೆಯೇ ಸಿಗಡಿ ಬಿಟ್ಟಿದ್ದರು. ಈಗ ಪುಟ್ಟ ಕೊಳವೆಯಲ್ಲಿ ನೀರು ತೆಗೆದು, ವಿಷ ಪರೀಕ್ಷಿಸುವ ಔಷಧಿಯ ಹನಿ ಬಿಟ್ಟು ಬಣ್ಣ ನೋಡುತ್ತಾರೆ. ಎಲ್ಲ ಸರಿಯಾಗಿಯೇ ಇದೆ. ಆದರೂ ಸಿಗಡಿಗಳು ಸಾಯುತ್ತಿವೆ.

ಬೇರೆಯವರಾಗಿದ್ದರೆ ಪೂರ್ತಿ ನೀರು ಚೆಲ್ಲಿ ಕೈತೊಳೆದುಕೊಳ್ಳುತ್ತಿದ್ದರು. ಅಕ್ಕ ಮಾತ್ರ ಗಿರಾಕಿಗಳ ಬೆಂಚಿನ ಮೇಲೆ ಕೂತುಬಿಡುತ್ತಾರೆ. ಅವರ ಕೆಲಸದ ರೀತಿಯೇ ಅದು. "ನೀರಲ್ಲಿ ಏನೂ ಸಿಗಲಿಲ್ಲ ಅಂದ್ರೆ ನೀರಿನ ಸುತ್ತ ನೋಡಬೇಕು."

ಮೊದಲ ಗಿರಾಕಿ ಬರುತ್ತಾನೆ. ಕತ್ತರಿ ಚಕಚಕ ಎನ್ನುತ್ತದೆ. ಕೂದಲು ಓರಣವಾಗುತ್ತದೆ. ಕೊನೆಗೆ ಯಜಮಾನರು ಘಮಘಮಿಸುವ ಸ್ಪ್ರೇ ಡಬ್ಬಿ ಎತ್ತಿ ತಲೆಯ ಸುತ್ತ ಪುಸ್ ಎನಿಸುತ್ತಾರೆ. ಎರಡನೆಯವನಿಗೂ ಹಾಗೆಯೇ. ಮೂರನೆಯ ಸಲಕ್ಕೆ ಅಕ್ಕ ದಿಗ್ಗನೆ ಎದ್ದು ನಿಲ್ಲುತ್ತಾರೆ. ಕುರ್ಚಿಯ ಪಕ್ಕದಲ್ಲೇ, ಕನ್ನಡಿಯ ಕೆಳಗೆ, ಗಾಳಿ ಪಂಪು ಗುಂಯ್‌ಗುಡುತ್ತಿದೆ. ಅದು ಸುತ್ತಲಿನ ಗಾಳಿಯನ್ನು ಎಳೆದು ನೀರಿಗೆ ಗುಳ್ಳೆಯಾಗಿ ಬಿಡುತ್ತದೆ. ಗಾಳಿಯ ಜೊತೆಗೆ ಸ್ಪ್ರೇಯನ್ನೂ.

"ಅಯ್ಯೋ, ನಾನೇ ಕೊಂದುಬಿಟ್ಟೆನಲ್ಲ!" ಎಂದು ಯಜಮಾನರು ಡಬ್ಬಿಯನ್ನು ಕೆಳಗಿಡುತ್ತಾರೆ.

"ಬಿಡಿ ಅಣ್ಣಾ, ನಿಮ್ಮ ಕೆಲಸ ನೀವು ಮಾಡಿದ್ರಿ. ಪಂಪನ್ನ ಅಲ್ಲಿಟ್ಟಿದ್ದು ನಾನಲ್ವಾ?"

ಅಕ್ಕ ಪಂಪನ್ನು ಹಿಂಬದಿಯ ಕಿಟಕಿಯ ಬಳಿಗೆ ಒಯ್ದು, ಅಲ್ಲಿಂದ ತೊಟ್ಟಿಗೆ ಉದ್ದನೆಯ ಕೊಳವೆ ಎಳೆಯುತ್ತಾರೆ. ವಿಷ ಹೀರಲು ಇದ್ದಿಲಿನ ಚೀಲವೊಂದನ್ನು ಇಳಿಬಿಡುತ್ತಾರೆ. ಪಳಗಿದ ತೊಟ್ಟಿಯಿಂದ ತಂದ ನೀರನ್ನು ಹನಿಹನಿಯಾಗಿ ಸೇರಿಸುತ್ತಾರೆ. ಒಮ್ಮೆಲೇ ಸುರಿದರೆ ಉಳಿದ ಸಿಗಡಿಗಳೂ ತಡೆದುಕೊಳ್ಳಲಾರವು. ಮಧ್ಯಾಹ್ನದ ಊಟದ ನೆನಪೂ ಅವರಿಗಿಲ್ಲ. ಮನೆಯಲ್ಲಿ ಅತ್ತೆಯ ದೂರು ಇದೇ: "ಸಿಗಡಿಗೆ ನೀರು ಹದ ಮಾಡ್ತಾಳೆ. ನನ್ನ ಸ್ನಾನದ ನೀರು ಮಾತ್ರ ಒಂದು ದಿನ ಕುದೀತಿರುತ್ತೆ, ಒಂದು ದಿನ ತಣ್ಣಗಿರುತ್ತೆ!" ಆದರೆ ಅದೇ ಅತ್ತೆ ಬಂದವರಿಗೆಲ್ಲ ಸೊಸೆಯ ಕೆಲಸವನ್ನು ಬಣ್ಣಿಸಿ ಬಣ್ಣಿಸಿ ಹೇಳುತ್ತಾರೆ.

ಕೆಲವು ವಾರಗಳ ನಂತರ ಮತ್ತೆ ಅದೇ ಅಂಗಡಿ. ಮುಖಕ್ಕೆ ಸೋಪಿನ ನೊರೆ ಬಳಿದುಕೊಂಡ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಯಜಮಾನರು ಅಕ್ಕನಿಗೆ ತೋರಿಸಲು ತೊಟ್ಟಿಯತ್ತ ಓಡುತ್ತಾರೆ. ಪಾಚಿಯ ಮೇಲೆ ಕೂತ ಸಿಗಡಿಯೊಂದರ ಹೊಟ್ಟೆಯಡಿ ಹಳದಿ ಮೊಟ್ಟೆಗಳ ಗೊಂಚಲು. ಅಕ್ಕನ ಕಣ್ಣು ತುಂಬಿ ಬರುತ್ತದೆ, ಅದನ್ನು ಮರೆಮಾಚಲು ಅವರು ಯತ್ನಿಸುವುದೂ ಇಲ್ಲ. "ನೀರು ಹಿಡಿಸದಿದ್ರೆ ಇವು ಮೊಟ್ಟೆ ಹೊರೋದಿಲ್ಲ," ಎನ್ನುತ್ತಾರೆ.

ನಿಮಗೇನು ಆಸೆ ಎಂದು ಕೇಳಿದರೆ ಹೆಚ್ಚೇನೂ ಇಲ್ಲ. "ಹೊಸ ತೊಟ್ಟಿ ತಗೊಂಡೋರು ನನ್ನನ್ನ ಮೊದಲ ದಿನವೇ ಕರೀಲಿ. ಸತ್ತ ಮೇಲೆ ಕರೆದ್ರೆ ಹೊಟ್ಟೆ ಉರಿಯುತ್ತೆ."

ಮೀನಂಗಡಿಗೆ ಮರಳಿದಾಗ ಅಲ್ಲಿನ ಫೋನ್ ರಿಂಗಣಿಸುತ್ತಿದೆ. ಯಾರದ್ದೋ ತೊಟ್ಟಿಯ ನೀರು ಬೆಳ್ಳಗಾಗಿದೆಯಂತೆ. ಮಾಲೀಕರು ಅಕ್ಕನತ್ತ ಒಮ್ಮೆ ನೋಡಿ ಉತ್ತರಿಸುತ್ತಾರೆ: "ನೀವೇನೂ ಮುಟ್ಟಬೇಡಿ. ನಮ್ಮ ಮೇಡಂ ಬಂದು ನೋಡ್ತಾರೆ."

ಅಕ್ಕ ಕೇಳಿಸದವರಂತೆ ಬಕೆಟ್ ಎತ್ತಿಕೊಳ್ಳುತ್ತಾರೆ. ಆದರೆ ಅಂದು ಮನೆಗೆ ಹೋದವರು ಎಲ್ಲಕ್ಕಿಂತ ಮೊದಲು ಅತ್ತೆಗೆ ಹೇಳಿದ್ದು ಅದೇ ಮಾತು.