ಜಡ್ಜ್ ಮನೆಯ ಊಟದ ಮೇಜು

ಕಳೆ ಕೀಳುವಾಗಲೂ ಅವರು ಟೈ ಕಟ್ಟಿಕೊಂಡಿರುತ್ತಿದ್ದರು. ತುದಿ ಮಣ್ಣಾಗದಂತೆ ಅದನ್ನು ಅಂಗಿಯ ಗುಂಡಿಗಳ ನಡುವೆ ತೂರಿಸಿ, ಮೊಣಕಾಲೂರಿ, ಬಿಳಿಚಿದ ಉದ್ದ ಬೆರಳುಗಳಿಂದ ಒಂದೊಂದೇ ಗಿಡವನ್ನು ಬೇರುಸಮೇತ ಎಳೆಯುತ್ತಿದ್ದರು. ಅಮೆರಿಕದ ನ್ಯೂಕ್ಯಾಸಲ್‌ನ ನಮ್ಮ ಬೀದಿಗೆಲ್ಲ ಅವರು ಜಡ್ಜ್. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಆ ಹೆಸರು ಹೋಗಿರಲಿಲ್ಲ. ಅವರ ತಾತ ರಾಜ್ಯದ ಶಾಸನಸಭೆಯಲ್ಲಿದ್ದವರು, ಅಪ್ಪ ಸರಕಾರಿ ವಕೀಲರು, ಒಬ್ಬನೇ ಮಗನೂ ದೂರದ ಕೌಂಟಿಯೊಂದರಲ್ಲಿ ಸರಕಾರಿ ವಕೀಲ. ನಮ್ಮ ಕಡೆ ಕೆಲವು ಮನೆಗಳಲ್ಲಿ ಪೌರೋಹಿತ್ಯ ಇಳಿದು ಬರುವಂತೆ ಆ ಮನೆಯಲ್ಲಿ ಕಾನೂನು.

ನಾನು ಸಿಟಿಜನ್‌ಶಿಪ್ ಸಂದರ್ಶನಕ್ಕೆ ಓದುತ್ತಿದ್ದಾಗ ಬೇಲಿಯಾಚೆಯಿಂದ ಪ್ರಶ್ನೆ ಕೇಳಿ ತಯಾರು ಮಾಡಿದವರು ಅವರೇ. ಸರಿಯುತ್ತರ ಕೊಟ್ಟರೂ ಬಿಡುತ್ತಿರಲಿಲ್ಲ. "ಬಾಯಿಪಾಠ ಬೇಡ. ಯಾಕೆ ಅಂತ ಹೇಳು" ಎನ್ನುತ್ತಿದ್ದರು. ನಮ್ಮಮ್ಮ ಕೂಡ ನನ್ನನ್ನು ಅಷ್ಟು ಗೋಳು ಹೊಯ್ದುಕೊಂಡಿರಲಿಲ್ಲ. ಪಾಸಾದ ದಿನ ನಾನು ಕೊಟ್ಟ ಮೈಸೂರುಪಾಕನ್ನು ಚಾಕುವಿನಿಂದ ಕುಯ್ದು, ಗಂಭೀರವಾಗಿ ತಿಂದರು.

ಆ ಮನೆಯಲ್ಲೊಂದು ಪದ್ಧತಿಯಿತ್ತು. ಯಾರೇ ಚುನಾವಣೆಗೆ ನಿಲ್ಲುವ ಮುಂಚೆ, ಊಟದ ಮೇಜಿನಲ್ಲಿ ಹಿರಿಯರು ಕೇಳಿದ್ದಕ್ಕೆಲ್ಲ ನಿಜ ಹೇಳಬೇಕು. ಮನೆಯವರೇ ಮನೆಯವರನ್ನು ಉಳಿಸಿಕೊಳ್ಳಬಾರದೆಂದು ಹೊರಗಿನವರೊಬ್ಬರು ಕೂತಿರಬೇಕು. ಮಗ ತನ್ನ ಮುತ್ತಜ್ಜ ಕೂತಿದ್ದ ಶಾಸನಸಭೆಯ ಸ್ಥಾನಕ್ಕೆ ಸ್ಪರ್ಧಿಸಲು ಹೊರಟಾಗ ಹಾಗೆ ಕೂತವಳು ನಾನು.

"ಯಾವುದಾದರೂ ಕೇಸಲ್ಲಿ ಏನಾದರೂ ಬಚ್ಚಿಟ್ಟಿದ್ದೀಯಾ?" ಎಂದರು ಜಡ್ಜ್, ಆಲೂಗಡ್ಡೆ ಬಡಿಸಿಕೊಳ್ಳುತ್ತ.

ಮಗ ಫೋರ್ಕನ್ನು ಕೆಳಗಿಟ್ಟ. ಆಮೇಲೆ, "ಒಂದು ಸಲ" ಎಂದ. ಆರೋಪಿ ಅಪರಾಧದ ಹೊತ್ತಿಗೆ ಬೇರೆ ಕಡೆ ಇದ್ದನೆಂದು ಸಾಕ್ಷಿಯೊಬ್ಬಳು ಕೊಟ್ಟ ಹೇಳಿಕೆಯನ್ನು, ಕಾನೂನಿನ ಪ್ರಕಾರ ತೋರಿಸಲೇಬೇಕಿದ್ದರೂ, ಆತ ಎದುರು ವಕೀಲರಿಗೆ ತೋರಿಸಿರಲಿಲ್ಲ. ಆರೋಪಿ ಇನ್ನೂ ಜೈಲಿನಲ್ಲಿದ್ದ.

ಜಡ್ಜ್ ಊಟ ಮುಗಿಸಿದರು. ಮಾರನೆಯ ಬೆಳಗ್ಗೆ ಕೋರ್ಟಿಗೆ ಪತ್ರ ಬರೆದರು. ಆ ಮನುಷ್ಯನ ಬಿಡುಗಡೆಯಾಯಿತು. ಮಗ ಕೆಲಸ, ವಕೀಲಿಕೆ, ಹೆಸರು ಎಲ್ಲ ಕಳೆದುಕೊಂಡ. "ನಾನು ಹೇಳಿದ್ದು ಅಪ್ಪನಿಗೆ. ಕೇಳಿಸಿಕೊಂಡವನು ಜಡ್ಜ್" ಎಂದು ಕಾರಿನ ಬಾಗಿಲು ಹಿಡಿದು ನನಗೆ ಹೇಳಿ ಹೋದವನು ಆರು ವರ್ಷ ಇತ್ತ ತಲೆ ಹಾಕಲಿಲ್ಲ. ನನಗೂ ಜಡ್ಜ್ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಜೈಲಿನಲ್ಲಿದ್ದವನಿಗೂ ಒಬ್ಬ ಅಪ್ಪ ಇದ್ದಾನು ಎಂದು ಹೊಳೆದಾಗ ನನ್ನ ಸಿಟ್ಟಿಗೆ ನನಗೇ ನಾಚಿಕೆಯಾಗುತ್ತಿತ್ತು.

ಕಳೆದ ಚಳಿಗಾಲ ಕ್ಯಾನ್ಸರ್ ಅವರನ್ನು ಹಾಸಿಗೆಗೆ ಕೆಡವಿತು. ಒಂದು ಬೆಳಗ್ಗೆ ನನ್ನನ್ನು ಕರೆದು, "ಮಗನಿಗೆ ಬರಲು ಹೇಳು" ಎಂದರು.

"ತಪ್ಪಾಯಿತು ಅಂದಿರಿ ಅಂತ ಹೇಳಲಾ?"

"ಬೇಡ. ನಾನು ಮಾಡಿದ್ದು ಸರಿ. ನೋಡಬೇಕು ಅನ್ನಿಸಿದೆ, ಅಷ್ಟೇ ಹೇಳು."

ಮನೆಗೆ ಬಂದು ಫೋನ್ ಎತ್ತಿಕೊಂಡಾಗ ನನ್ನ ಗಂಡ, "ಅವ್ರು ಹೇಳಿದ್ದಷ್ಟೇ ಹೇಳು. ನೀನು ಎಕ್ಸ್‌ಟ್ರಾ ಏನೂ ಸೇರಿಸ್ಬೇಡ, ಅವ್ರ ಫ್ಯಾಮಿಲಿ ಮ್ಯಾಟರ್ ಅದು" ಎಂದ. ನಾನು ಅಷ್ಟೇ ಹೇಳಿದೆ. ಆ ಕಡೆಯಿಂದ ಮಗ ಕೇಳಿದ: "ತಪ್ಪಾಯಿತು ಅಂದರಾ?"

"ಹೂಂ, ಅಂದರು" ಎಂದುಬಿಟ್ಟೆ.

ಅರ್ಧ ಗಂಟೆಯಲ್ಲಿ ಬಂದ. ಅಷ್ಟು ವರ್ಷವೂ ಆತ ಇದ್ದದ್ದು ಇಲ್ಲೇ ಹತ್ತಿರದ ಊರು ಕರ್ಕ್‌ಲ್ಯಾಂಡ್‌ನಲ್ಲಿ. ಅಷ್ಟರಲ್ಲಿ ಜಡ್ಜ್‌ಗೆ ಮಾತು ನಿಂತುಹೋಗಿತ್ತು, ಕಿವಿ ಮಾತ್ರ ಕೇಳಿಸುತ್ತಿದೆ ಎಂದಳು ನರ್ಸ್. ಮಗ ಅಪ್ಪನ ಕೈ ಹಿಡಿದು, ಬಾಗಿ, ಅಳುತ್ತ ಹೇಳಿದ: "ಇವರು ಹೇಳಿದರು ಅಪ್ಪ, ನೀವು ತಪ್ಪಾಯಿತು ಅಂದಿರಂತೆ. ನಾನು ಕ್ಷಮಿಸಿದ್ದೇನೆ."

ಜಡ್ಜ್ ಕಣ್ಣು ತೆರೆದರು. ತುಟಿ ಅಲುಗಿತು, ಸ್ವರ ಬರಲಿಲ್ಲ. ಮಗನ ಹೆಗಲಾಚೆಯಿಂದ ನನ್ನನ್ನು ಹುಡುಕಿ ನೋಡಿದರು. ಬದುಕಿನಲ್ಲಿ ಅವರು ಮಾಡಿದ್ದ ಅತಿ ಕಷ್ಟದ ಕೆಲಸವನ್ನು ನಾನು ಅವರದೇ ಬಾಯಿಂದ ತಪ್ಪೆಂದು ಹೇಳಿಸಿದ್ದೆ. ಮರುದಿನ ಮಧ್ಯಾಹ್ನ ಅವರು ತೀರಿಕೊಂಡರು. ಅಲ್ಲಿಯವರೆಗೆ ಮಗನ ಕೈ ಬಿಡಲಿಲ್ಲ, ನಾನು ಆ ಕೋಣೆಯಲ್ಲಿದ್ದಷ್ಟು ಹೊತ್ತೂ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.