ರಸ್ತೆಯಾಚೆಯಿಂದ ಹೇಳಿದ ಪಾಠ

ಮೊನ್ನೆ ಹುಮನಾಬಾದಿನ ದವಾಖಾನೆಯಲ್ಲಿ ಮಗಳಿಗೆ ಸೂಜಿ ಚುಚ್ಚುವ ಮುನ್ನ ನರ್ಸ್ ಹತ್ತಿಗೆ ಸ್ಪಿರಿಟ್ ಸುರಿದರು. ಪಕ್ಕದಲ್ಲಿದ್ದ ಸೂಜಿ ಕಂಡು ನನಗೆ ಕೂತಲ್ಲಿ ಕೂರಲಾಗಲಿಲ್ಲ. ಫಿಜಿಕ್ಸ್ ಸರ್ ನೆನಪಾದರು...

ಬಸವಕಲ್ಯಾಣದ ಕಾಲೇಜಿನಲ್ಲಿ ನಮಗೆ ಕಲಿಸಿದವರು. ಒಂದು ಕಡೆ ನಿಂತವರಲ್ಲ. ಬೋರ್ಡಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ಪಾಠ. ಎಲೆಕ್ಟ್ರಾನೂ ಪಾಸಿಟ್ರಾನೂ ಕೂಡಿದರೆ ಎರಡೂ ಇಲ್ಲವಾಗಿ, ಎರಡು ಗಾಮಾ ಕಿರಣ ಹುಟ್ಟಿ ಒಂದಕ್ಕೊಂದು ಬೆನ್ನು ತಿರುಗಿಸಿ ಓಡುತ್ತವೆ ಎಂದರು ಒಂದು ದಿನ.

"ಎರಡೂ ಒಂದೇ ಕಡೆ ಯಾಕ ಹೋಗಂಗಿಲ್ರಿ ಸರ್?" ಎಂದಿದ್ದೆ.

"ಕೂಡಿದಾಗ ಯಾವ ಕಡೀಗೂ ಓಟ ಇರಲಿಲ್ಲ. ಈಗೂ ಎರಡರ ಓಟ ಕೂಡಿಸಿದ್ರ ಏನೂ ಉಳೀಬಾರದು. ಅದಕ್ಕ ಒಂದು ಆ ಕಡೆ, ಒಂದು ಈ ಕಡೆ."

ಮುಂದೆ ಮದುವೆಯಾಗಿ ನಾನು ಹುಮನಾಬಾದಿಗೆ ಬಂದೆ. ಬಸುರಿಯಿದ್ದಾಗ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಫೋನ್ ಮಾಡಿದರು. ಸರ್‌ಗೆ ಕ್ಯಾನ್ಸರ್ ಇರಬಹುದಂತೆ, ಪೆಟ್ ಸ್ಕ್ಯಾನ್‌ಗೆಂದು ಇಬ್ಬರೂ ಹೈದರಾಬಾದಿಗೆ ಹೋಗಿದ್ದರಂತೆ. ಮರಳುವಾಗ ಹೈವೇಯಲ್ಲಿ ಕಾರು ನಿಲ್ಲಿಸಿರೆಂದು ಹೇಳಿ, ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಕಾದೆ. ಬಂದ ಪ್ರತಿ ಕಾರಿಗೂ ಎದ್ದು ನಿಲ್ಲುತ್ತಿದ್ದೆ...

ಸಂಜೆ ಕಾರು ರಸ್ತೆಯ ಆಚೆ ನಿಂತಿತು. ಸರ್ ಇಳಿದರು, ಕಾಕು ಒಳಗೇ ಕೂತಿದ್ದರು. ಸರ್ ಅರ್ಧಕ್ಕರ್ಧ ಸೊರಗಿದ್ದರು. ನಾನು ದಾಟಲು ಹೆಜ್ಜೆ ಇಟ್ಟೆ.

"ಅಲ್ಲೇ ನಿಂದರು! ಹತ್ರ ಬರಬ್ಯಾಡ!"

ಚಹಾದಂಗಡಿಯವರು ತಿರುಗಿ ನೋಡಿದರು. ನನ್ನ ಕಣ್ಣು ತುಂಬಿತು.

"ಮುಂಜಾನಿ ಸ್ಕ್ಯಾನಿಗಂತ ಕೊಟ್ಟ ಪಾಸಿಟ್ರಾನಿನ ಸುಯಿ ಇನ್ನಾ ಮೈಯಾಗ ಅದವ್ವಾ," ಲಾರಿಗಳ ಸದ್ದಿನ ನಡುವೆ ಕೂಗಿದರು. "ಕ್ಲಾಸಿನ್ಯಾಗ ಹೇಳಿದ್ನೆಲ್ಲ, ಆ ಕಿರಣ ನನ್ನೊಳಗಿಂದ ಹೊಂಡಾಕತ್ತಾವ. ಒಂದು ಆ ಕಡೆ ಹೋದ್ರ ಇನ್ನೊಂದು ಈ ಕಡೆ. ಮಷಿನ್ನು ಅದೇ ಗೆರಿ ಹಿಡದು ಬ್ಯಾನಿ ಹುಡುಕ್ತದ. ಈಟೊತ್ತಿಗೆ ಭಾಳ ಕಮ್ಮಿ ಆಗ್ಯಾವ ಖರೆ, ಆದ್ರ ನಿನ್ನ ಹೊಟ್ಟ್ಯಾಗ ಕೂಸು ಅದ."

"ಬ್ಯಾನಿ ಎಲ್ಲಿ ಅದಂತ್ರಿ ಸರ್?"

ಸರ್ ಕಾರಿನ ಉದ್ದಕ್ಕೂ ಹಿಂದೆ ಮುಂದೆ ನಡೆದರು. ಡ್ರೈವರ್ ಬಂದು ಬುತ್ತಿ ಒಯ್ದ. ಸರ್ ಕೈ ಎತ್ತಿದರು, ಹೋದರು.

ಕಾಯಿಲೆ ಎಲುಬಿಗೂ ಹಬ್ಬಿತ್ತು. ನನಗೆ ಡಾಕ್ಟರರು ಪ್ರಯಾಣ ಬೇಡವೆಂದಿದ್ದರು. ಮಗಳು ಹುಟ್ಟುವ ಮೊದಲೇ ಅವರು ತೀರಿಕೊಂಡರು.

ದವಾಖಾನೆಗೆ ಹೋದ ಮರುದಿನವೇ ಬಸ್ ಹತ್ತಿ ಕಾಕುವಿನ ಬಳಿ ಹೋದೆ. ಆ ಸಂಜೆ ರಸ್ತೆ ದಾಟಿ ಒಮ್ಮೆ ಅವರ ಕಾಲು ಮುಟ್ಟಬೇಕಿತ್ತು ಎಂದೆ. ಕಾಕು ನನ್ನ ಕೈ ಹಿಡಿದುಕೊಂಡರು.

"ನಿನ್ನ ಹತ್ರ ಕರೀಲಿಲ್ಲಂತ, ಮನಿ ಮುಟ್ಟೋತನಕ ಅಳಕೋತೇ ಬಂದ್ರು," ಎಂದರು.